ತಪ್ಪಿದ ಕತ್ತರಿ: ಹಾರ್ಮೋನು ಹಿಡಿಯುವ ಪ್ರೋಟೀನುಗಳು ಮತ್ತು ಗರ್ಭಕಂಠದ ಕ್ಯಾನ್ಸರ್

ಮೂಡಿಗೆರೆ ತಾಲ್ಲೂಕಿನ ದೇವರಮನೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕಾಲಭೈರವೇಶ್ವರನ ಹಳೆಯ ದೇವಸ್ಥಾನ, ಸುತ್ತ ಹುಲ್ಲಿನ ಗುಡ್ಡಗಳು, ಗುಡ್ಡಗಳ ಸಂದಿಯಲ್ಲಿ ಶೋಲಾ ಕಾಡು, ಮಳೆಗಾಲದಲ್ಲಿ ಹತ್ತು ಮಾರಿನಾಚೆ ಏನೂ ಕಾಣದಷ್ಟು ಮಂಜು. ಅದರ ಕೆಳಗಿನ ಕಾಫಿ ಸೀಮೆಯಲ್ಲಿ ನಮ್ಮ ಮನೆ. 1980ರ ದಶಕದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ನನ್ನ ದೊಡ್ಡಮ್ಮನಿಗೆ ಮುಟ್ಟು ನಿಂತು ಕೆಲವು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಅವರು ಅದನ್ನು ಯಾರಿಗೂ ಹೇಳಲಿಲ್ಲ. ಬಿಳಿಸೆರಗಿಗೆ ಕುಡಿಯುತ್ತಿದ್ದ ಕಷಾಯವನ್ನೇ ಇದಕ್ಕೂ ಕುಡಿದರು. ಸೊಂಟದ ನೋವು ತಾಳಲಾರದೆ ಬೆಂಗಳೂರಿಗೆ ಕರೆದೊಯ್ಯುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ‘ಮೂರನೆಯ ಹಂತ’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಆಗ. ಅದು ಗರ್ಭಕಂಠದ, ಅಂದರೆ ಗರ್ಭಕೋಶದ ಕೊರಳಿನ, ಕ್ಯಾನ್ಸರ್.

ನಾನು ಭೌತವಿಜ್ಞಾನದ ಮೇಷ್ಟ್ರು. ಈ ವಿಷಯ ನನ್ನ ವ್ಯಾಪ್ತಿಯದಲ್ಲ ಎಂದು ನೀವು ಹೇಳಿದರೆ ಒಪ್ಪುತ್ತೇನೆ. ಆದರೆ ಈಚೆಗೆ ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಒಂದು ಸಂಶೋಧನಾ ಲೇಖನ ಹಿಡಿದು ಬಂದಳು. “ಸರ್, ಹಾರ್ಮೋನನ್ನು ಹಿಡಿಯುವ ಪ್ರೋಟೀನಿನ ಜೀನು ಕ್ಯಾನ್ಸರ್ ಅಂಗಾಂಶದಲ್ಲಿ ಬೇರೆ ರೀತಿ ಸ್ಪ್ಲೈಸ್ ಆಗಿರುತ್ತದೆ ಎಂದು ಬರೆದಿದ್ದಾರೆ. ಹಾಗಾದರೆ ಕ್ಯಾನ್ಸರಿಗೆ ಕಾರಣ ಅದೇನಾ?” ಎಂದು ಕೇಳಿದಳು. ಪ್ರಶ್ನೆ ಚಿಕ್ಕದು. ಉತ್ತರಕ್ಕಾಗಿ ನಾನು ಮೂರು ಇತಿಹಾಸಗಳನ್ನು ಓದಬೇಕಾಯಿತು: ಒಂದು ರೋಗದ್ದು, ಒಂದು ಹಾರ್ಮೋನಿನದು, ಒಂದು ಜೀನಿನದು. ಮೂರೂ ಬೇರೆ ಬೇರೆ ಕಡೆ ಹುಟ್ಟಿ ಕೊನೆಗೆ ಒಂದೆಡೆ ಸೇರಿದವು. ಆ ದಾರಿಯನ್ನೇ ನಿಮ್ಮ ಮುಂದಿಡುತ್ತೇನೆ.

ಸನ್ಯಾಸಿನಿಯರು ಮತ್ತು ಗಿನಿ ಹಂದಿಗಳು

ರೋಗದ ಕಥೆ 1842ರಲ್ಲಿ ಇಟಲಿಯ ವೆರೋನಾ ನಗರದಿಂದ ಆರಂಭವಾಗುತ್ತದೆ. ಡೊಮೆನಿಕೊ ರಿಗೋನಿ-ಸ್ಟರ್ನ್ ಎಂಬ ವೈದ್ಯ ಆ ಊರಿನ 1760ರಿಂದ 1839ರವರೆಗಿನ ಮರಣ ದಾಖಲೆಗಳನ್ನು ಕೂಡಿಸಿ ನೋಡಿದ. ಗರ್ಭಕೋಶದ ಕ್ಯಾನ್ಸರ್ ವಿವಾಹಿತೆಯರಲ್ಲಿ, ವಿಧವೆಯರಲ್ಲಿ ಸಾಮಾನ್ಯ. ಕ್ರೈಸ್ತ ಸನ್ಯಾಸಿನಿಯರಲ್ಲಿ ಅಪರೂಪ. ಈ ರೋಗಕ್ಕೂ ದಾಂಪತ್ಯಕ್ಕೂ ಏನೋ ನಂಟಿದೆ ಎಂಬುದು ಆಗಲೇ ಗೊತ್ತಾಯಿತು. ನಂಟು ಯಾವುದು ಎಂದು ತಿಳಿಯಲು ಇನ್ನೂ 140 ವರ್ಷ ಬೇಕಾಯಿತು.

ಈ ನಡುವೆ ರೋಗವನ್ನು ಬೇಗ ಗುರುತಿಸುವ ಉಪಾಯ ಕೈಗೆ ಬಂತು. ಅದು ಬಂದ ಬಗೆ ಸ್ವಾರಸ್ಯಕರ. ಗ್ರೀಸಿನಿಂದ ಅಮೆರಿಕಕ್ಕೆ ವಲಸೆ ಹೋದ ಜಾರ್ಜ್ ಪಾಪನಿಕೊಲಾವ್ ಹುಡುಕುತ್ತಿದ್ದುದು ಕ್ಯಾನ್ಸರನ್ನಲ್ಲ. ಹೆಣ್ಣು ಗಿನಿ ಹಂದಿ ಯಾವ ದಿನ ಬೆದೆಗೆ ಬರುತ್ತದೆ ಎಂದು ತಿಳಿಯಲು ಆತ ಅದರ ಯೋನಿಯ ಲೋಳೆಯನ್ನು ದಿನವೂ ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಡಿ ನೋಡುತ್ತಿದ್ದ. ಹಾರ್ಮೋನುಗಳ ಏರಿಳಿತಕ್ಕೆ ತಕ್ಕಂತೆ ಜೀವಕೋಶಗಳ ರೂಪ ಬದಲಾಗುವುದನ್ನು ಅವನೂ ಸ್ಟಾಕರ್ಡ್ ಎಂಬಾತನೂ 1917ರಲ್ಲಿ ಪ್ರಕಟಿಸಿದರು. ಅದೇ ಕ್ರಮವನ್ನು ಮಹಿಳೆಯರಿಗೆ ಅನ್ವಯಿಸಿದಾಗ, ಕೆಲವರ ಮಾದರಿಗಳಲ್ಲಿ ವಿಕಾರವಾದ ಕ್ಯಾನ್ಸರ್ ಕೋಶಗಳು ಕಂಡವು. 1928ರಲ್ಲಿ ಇದನ್ನು ಹೇಳಿದಾಗ ಯಾರೂ ಕಿವಿಗೊಡಲಿಲ್ಲ. 1943ರಲ್ಲಿ ಟ್ರೌಟ್ ಜೊತೆ ಪುಸ್ತಕ ತಂದ ಮೇಲೆ ಅದು ‘ಪ್ಯಾಪ್ ಪರೀಕ್ಷೆ’ ಎಂದು ಲೋಕಪ್ರಸಿದ್ಧವಾಯಿತು. ಗಮನಿಸಿ: ಗರ್ಭಕಂಠದ ಜೀವಕೋಶಗಳು ಹಾರ್ಮೋನಿನ ಮಾತು ಕೇಳುತ್ತವೆ ಎಂಬುದು ಈ ಪರೀಕ್ಷೆಯ ಹುಟ್ಟಿನಲ್ಲೇ ಇದೆ.

ವಿಯೆನ್ನಾದಲ್ಲಿ ಐದು ಮಂದಿ ಕೇಳುಗರು

ಹಾಗಾದರೆ ಹಾರ್ಮೋನು ಕೋಶದೊಡನೆ ಮಾತಾಡುವುದು ಹೇಗೆ? ರಕ್ತದಲ್ಲಿ ಈಸ್ಟ್ರೊಜೆನ್ನಿನ ಪ್ರಮಾಣ ತೀರ ಅಲ್ಪ. ಅದು ದೇಹದ ಎಲ್ಲೆಡೆ ಹರಿಯುತ್ತದೆ, ಆದರೂ ಗರ್ಭಕೋಶ ಸ್ಪಂದಿಸಿದಷ್ಟು ಮಾಂಸಖಂಡ ಸ್ಪಂದಿಸುವುದಿಲ್ಲ. 1950ರ ದಶಕದಲ್ಲಿ ಹೆಚ್ಚಿನವರ ಅಭಿಪ್ರಾಯ ಹೀಗಿತ್ತು: ಈಸ್ಟ್ರೊಜೆನ್ ಯಾವುದೋ ಕಿಣ್ವದ ಕ್ರಿಯೆಯಲ್ಲಿ ತಾನೂ ಭಾಗಿಯಾಗಿ ರಾಸಾಯನಿಕವಾಗಿ ಬದಲಾಗುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್ ಇದನ್ನು ಪರೀಕ್ಷಿಸಲು ಹೊರಟ.

ಇಲ್ಲಿ ನನ್ನ ವಿಷಯ ಬರುವುದರಿಂದ ಸ್ವಲ್ಪ ನಿಲ್ಲುತ್ತೇನೆ. ಅಷ್ಟು ಅಲ್ಪ ಪ್ರಮಾಣದ ವಸ್ತುವನ್ನು ರಾಸಾಯನಿಕವಾಗಿ ಅಳೆಯುವುದು ಆಗ ಸಾಧ್ಯವಿರಲಿಲ್ಲ. ಅದಕ್ಕೊಂದು ಗುರುತು ಅಂಟಿಸಬೇಕಿತ್ತು. ಜೆನ್ಸನ್ ಮತ್ತು ಹರ್ಬರ್ಟ್ ಜೇಕಬ್‌ಸನ್ ಆಯ್ದುಕೊಂಡ ಗುರುತು ಟ್ರಿಷಿಯಂ, ಅಂದರೆ ನ್ಯೂಕ್ಲಿಯಸ್ಸಿನಲ್ಲಿ ಎರಡು ನ್ಯೂಟ್ರಾನುಗಳನ್ನು ಹೊತ್ತ ಹೈಡ್ರೊಜನ್. ಅದರ ಅರ್ಧಾಯು 12.3 ವರ್ಷ. ಅದು ಹೊರಸೂಸುವ ಬೀಟಾ ಕಣದ ಗರಿಷ್ಠ ಶಕ್ತಿ ಕೇವಲ 18.6 ಸಾವಿರ ಎಲೆಕ್ಟ್ರಾನ್ ವೋಲ್ಟ್. ಸಾಧಾರಣ ಗೈಗರ್ ಎಣಿಕಗಳ ಕಿಟಕಿಯನ್ನು ದಾಟಲೂ ಅದಕ್ಕೆ ತ್ರಾಣವಿಲ್ಲ. ಆದರೆ ಒಂದು ದೊಡ್ಡ ಅನುಕೂಲವಿದೆ. ಅಣುವಿನಲ್ಲಿ ಮೊದಲೇ ಇರುವ ಹೈಡ್ರೊಜನ್ನಿನ ಜಾಗದಲ್ಲಿ ಟ್ರಿಷಿಯಂ ಕೂತರೆ ಅಣುವಿನ ಆಕಾರ ಕೆಡುವುದಿಲ್ಲ. ಹಾರ್ಮೋನು ಹಾರ್ಮೋನಾಗಿಯೇ ಉಳಿಯುತ್ತದೆ.

ಹೀಗೆ ಗುರುತು ಹಾಕಿದ ಈಸ್ಟ್ರಡಯಾಲನ್ನು ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣು ಇಲಿಗಳಿಗೆ ಚುಚ್ಚಿದರು. ರಕ್ತದಲ್ಲಿ, ಯಕೃತ್ತಿನಲ್ಲಿ, ಮಾಂಸದಲ್ಲಿ ವಿಕಿರಣ ಏರಿ ಬೇಗ ಇಳಿಯಿತು. ಗರ್ಭಕೋಶ ಮತ್ತು ಯೋನಿಯಲ್ಲಿ ಮಾತ್ರ ಏರಿದ್ದು ಗಂಟೆಗಟ್ಟಲೆ ಉಳಿಯಿತು. ಹೊರತೆಗೆದು ನೋಡಿದರೆ ಈಸ್ಟ್ರಡಯಾಲ್ ಕಿಂಚಿತ್ತೂ ಬದಲಾಗಿರಲಿಲ್ಲ. ಅಂದರೆ ಅಲ್ಲಿನ ಕೋಶಗಳಲ್ಲಿ ಅದನ್ನು ಬಿಗಿಹಿಡಿಯುವ ಏನೋ ಒಂದಿದೆ. ಆ ‘ಏನೋ’ ಈಸ್ಟ್ರೊಜೆನ್ ಗ್ರಾಹಿ ಎಂಬ ಪ್ರೋಟೀನು. 1958ರಲ್ಲಿ ವಿಯೆನ್ನಾದ ಜೀವರಸಾಯನ ಸಮ್ಮೇಳನದಲ್ಲಿ ಜೆನ್ಸನ್ ಇದನ್ನು ಮಂಡಿಸಿದಾಗ ಕೇಳಲು ಕುಳಿತಿದ್ದವರು ಐದು ಮಂದಿ. ಅವರಲ್ಲಿ ಮೂವರು ಅದೇ ಗೋಷ್ಠಿಯ ಭಾಷಣಕಾರರು! ಅದೇ ಹೊತ್ತಿಗೆ ಇನ್ನೊಂದು ಸಭಾಂಗಣದಲ್ಲಿ ಕಿಣ್ವಗಳ ಪಕ್ಷದವರ ಮಾತು ಕೇಳಲು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಜೆನ್ಸನ್‌ಗೆ ಲಾಸ್ಕರ್ ಪ್ರಶಸ್ತಿ ಬಂದದ್ದು 2004ರಲ್ಲಿ.

ಹಾರ್ಮೋನನ್ನು ಹಿಡಿಯುವ ಪ್ರೋಟೀನುಗಳಲ್ಲಿ ಎರಡು ಬಗೆಗಳಿವೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಕೋಶದೊಳಗೆ ಕಾದಿದ್ದು, ಹಾರ್ಮೋನು ಬಂದೊಡನೆ ಅದರೊಂದಿಗೆ ಡಿಎನ್‌ಎ ಮೇಲೆ ಕೂತು ಜೀನುಗಳನ್ನು ಎಬ್ಬಿಸುವುದು ಗ್ರಾಹಿ. ರಕ್ತದಲ್ಲಿ ಹಾರ್ಮೋನನ್ನು ಹೊತ್ತು ತಿರುಗುವುದು ವಾಹಕ. ಯಕೃತ್ತು ತಯಾರಿಸುವ ‘ಲೈಂಗಿಕ ಹಾರ್ಮೋನು ಬಂಧಕ ಗ್ಲಾಬ್ಯುಲಿನ್’ ಅಂಥ ವಾಹಕ. ಹೆಸರು ಉದ್ದವಾದ್ದರಿಂದ ಇಲ್ಲಿ ‘ಬಂಧಕ ಗ್ಲಾಬ್ಯುಲಿನ್’ ಎನ್ನೋಣ. ಟೆಸ್ಟೊಸ್ಟಿರೋನ್, ಈಸ್ಟ್ರಡಯಾಲ್‌ಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಇನ್ನೊಂದು ಪ್ರೋಟೀನಾದ ಆಲ್ಬ್ಯುಮಿನ್ ಕೂಡ ಒಂದಷ್ಟನ್ನು ಸಡಿಲವಾಗಿ ಹಿಡಿಯುತ್ತದೆ. ಹಿಡಿತಕ್ಕೆ ಸಿಗದೆ ಮುಕ್ತವಾಗಿ ಉಳಿಯುವುದು ಶೇಕಡ ಒಂದೆರಡು ಪಾಲು ಮಾತ್ರ, ಮತ್ತು ಕೋಶದೊಳಕ್ಕೆ ಸಲೀಸಾಗಿ ನುಗ್ಗುವುದು ಆ ಮುಕ್ತ ಪಾಲೇ. ಆದ್ದರಿಂದ ವಾಹಕ ಎಷ್ಟಿದೆ, ಹೇಗಿದೆ ಎಂಬುದರ ಮೇಲೆ ಕೋಶಕ್ಕೆ ಮುಟ್ಟುವ ಹಾರ್ಮೋನಿನ ಪ್ರಮಾಣ ನಿಂತಿದೆ.

ಬೆಂಗಳೂರಿನ ಕೋಳಿಮೊಟ್ಟೆ

ವಾಹಕ ಪ್ರೋಟೀನುಗಳ ಕಥೆಯ ಒಂದು ಒಳ್ಳೆಯ ಅಧ್ಯಾಯ ಬರೆಯಲ್ಪಟ್ಟಿದ್ದು ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪೆರ್ಡೂರು ರಾಧಾಕಾಂತ ಅಡಿಗರು ಆರಿಸಿಕೊಂಡಿದ್ದು ಮೊಟ್ಟೆಯನ್ನು. ಈಸ್ಟ್ರೊಜೆನ್ನಿನ ಪ್ರಚೋದನೆಯಿಂದ ಕೋಳಿಯ ಯಕೃತ್ತು ರಿಬೊಫ್ಲೇವಿನ್ (ಬಿ2 ಜೀವಸತ್ವ) ಹೊರುವ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಮೊಟ್ಟೆಯೊಳಗಿನ ಭ್ರೂಣಕ್ಕೆ ಜೀವಸತ್ವ ತಲುಪುವುದು ಅದರ ಮೂಲಕ. ಇಂಥದ್ದೇ ಪ್ರೋಟೀನು ಮೊಟ್ಟೆ ಇಡದ ಸಸ್ತನಿಗಳಲ್ಲೂ ಬಸಿರಿನ ಕಾಲದಲ್ಲಿ ಇದೆಯೆಂದು ಅಡಿಗರ ಬಳಗ ತೋರಿಸಿತು. ಕೋಳಿಯ ಪ್ರೋಟೀನಿನ ವಿರುದ್ಧ ಇಲಿಗಳಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಿದರೆ ಬಸಿರು ನಿಲ್ಲುವುದಿಲ್ಲ ಎಂಬ ಅವರ ಫಲಿತಾಂಶ 1982ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅಡಿಗರಿಗೆ 1980ರಲ್ಲೇ ಭಟ್ನಾಗರ್ ಪ್ರಶಸ್ತಿ ಬಂದಿತ್ತು. ಮುಂದೆ 2001ರಲ್ಲಿ ಅದೇ ಸಂಸ್ಥೆಯ ಅಂಜಲಿ ಕರಂದೆ, ಅಡಿಗ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್ ಇರುವವರ ರಕ್ತದಲ್ಲಿ ಈ ಪ್ರೋಟೀನಿನ ಪ್ರಮಾಣ ಹೆಚ್ಚಿರುವುದನ್ನು ವರದಿ ಮಾಡಿದರು.

ಕೋಳಿಯ ಕಥೆಗೆ ಮತ್ತೆ ಬರುತ್ತೇನೆ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಅಡಗಿರುವುದು ಅದರಲ್ಲೇ. ಅದಕ್ಕೆ ಮೊದಲು ಜೀನಿನ ವಿಷಯ.

ಹರಿದ ರೀಲು

ನಮ್ಮ ಸೀಮೆಯಲ್ಲಿ ಮಳೆ ನಿಂತ ಮೇಲೆ ಟೂರಿಂಗ್ ಟಾಕೀಸು ಬರುತ್ತಿತ್ತು. ರೀಲು ಆಗಾಗ ಹರಿಯುತ್ತಿತ್ತು. ಆಪರೇಟರು ಹರಿದ ತುಂಡನ್ನು ಕತ್ತರಿಸಿ ಬಿಸಾಡಿ, ಎರಡು ತುದಿಗಳನ್ನು ಅಂಟಿನಿಂದ ಬೆಸೆದು ಮತ್ತೆ ಓಡಿಸುತ್ತಿದ್ದ. ಆ ಬೆಸುಗೆಗೆ ಸಿನಿಮಾದವರು ಹೇಳುವ ಹೆಸರು ಸ್ಪ್ಲೈಸಿಂಗ್. ಕೋಶದಲ್ಲಿ ನಡೆಯುವುದೂ ಸರಿಸುಮಾರು ಅದೇ, ಆದರೆ ಅಲ್ಲಿ ರೀಲು ಹರಿದಿರುವುದಿಲ್ಲ. ಕತ್ತರಿ ಹಾಕುವುದು ನಿತ್ಯದ ಕಟ್ಟಳೆ.

1977ರವರೆಗೆ ಎಲ್ಲರೂ ನಂಬಿದ್ದು ಹೀಗೆ: ಜೀನು ಎಂದರೆ ಡಿಎನ್‌ಎಯಲ್ಲಿ ಒಂದೇ ಸಮನೆ ಬರೆದ ಬರಹ, ಅದರ ನಕಲು ಸಂದೇಶವಾಹಕ ಆರ್‌ಎನ್‌ಎ, ಆ ನಕಲನ್ನು ಮೂರು ಮೂರು ಅಕ್ಷರವಾಗಿ ಓದಿದರೆ ಪ್ರೋಟೀನು. ಬ್ಯಾಕ್ಟೀರಿಯಾಗಳಲ್ಲಿ ಇದು ನಿಜವಾಗಿತ್ತು. ಎಂಐಟಿಯಲ್ಲಿ ಫಿಲಿಪ್ ಶಾರ್ಪ್, ಸೂಸನ್ ಬರ್ಜೆಟ್ ಮತ್ತು ಕ್ಲೇರ್ ಮೂರ್ ನೆಗಡಿ ತರುವ ಅಡಿನೊವೈರಸ್ಸಿನ ಒಂದು ಸಂದೇಶವನ್ನು ಅದರ ಡಿಎನ್‌ಎ ಜೊತೆ ಹೆಣೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರು. ಎರಡೂ ಉದ್ದಕ್ಕೂ ಜೋಡಿಯಾಗಬೇಕಿತ್ತು. ಆರ್‌ಎನ್‌ಎಯ ಒಂದು ತುದಿ ಜೋಡಿಯಾಗದೆ ಬಾಲದಂತೆ ಹೊರಚಾಚಿತು. ಇನ್ನೂ ಉದ್ದದ ಡಿಎನ್‌ಎ ತುಂಡನ್ನು ಕೊಟ್ಟಾಗ ಬಾಲ ಮಾಯವಾಗಿ ಡಿಎನ್‌ಎಯಲ್ಲಿ ಮೂರು ಕುಣಿಕೆಗಳು ಎದ್ದು ಕಂಡವು. ಕುಣಿಕೆಯಾದ ಭಾಗಗಳು ಡಿಎನ್‌ಎಯಲ್ಲಿವೆ, ಸಂದೇಶದಲ್ಲಿ ಇಲ್ಲ. ಅವನ್ನು ಯಾರೋ ಕತ್ತರಿಸಿ ತೆಗೆದಿದ್ದಾರೆ! ಅದೇ ಹೊತ್ತಿಗೆ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ರಿಚರ್ಡ್ ರಾಬರ್ಟ್ಸ್, ಲೂಯಿಸ್ ಚೌ, ಥಾಮಸ್ ಬ್ರೋಕರ್, ರಿಚರ್ಡ್ ಗೆಲಿನಾಸ್ ಇದೇ ಕುಣಿಕೆಗಳನ್ನು ನೋಡಿದರು. 1993ರಲ್ಲಿ ನೊಬೆಲ್ ಬಂದದ್ದು ಶಾರ್ಪ್ ಮತ್ತು ರಾಬರ್ಟ್ಸ್‌ಗೆ. ಸೂಕ್ಷ್ಮದರ್ಶಕದ ಮುಂದೆ ಕೂತು ಕುಣಿಕೆಗಳನ್ನು ಕಂಡ ಬರ್ಜೆಟ್ ಮತ್ತು ಚೌ ಎಂಬ ಇಬ್ಬರು ಮಹಿಳೆಯರ ಹೆಸರು ಅದರಲ್ಲಿ ಇಲ್ಲ. ಚಿತ್ರವನ್ನು ತೆಗೆದವರ ಪಾಲು ಅಷ್ಟು ಕಡಿಮೆಯೆಂದು ನನಗೆ ಅನ್ನಿಸುವುದಿಲ್ಲ.

ಅದೇ ವರ್ಷ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಪಿಯರ್ ಶಾಂಬೋನ್‌ನ ತಂಡ ಈಸ್ಟ್ರೊಜೆನ್ ಕೋಳಿಯ ಅಂಡನಾಳದಲ್ಲಿ ಮೊಟ್ಟೆಯ ಬಿಳಿಯ ಪ್ರೋಟೀನಾದ ಓವಾಲ್ಬ್ಯುಮಿನ್ನಿನ ಜೀನನ್ನು ಹೇಗೆ ಎಬ್ಬಿಸುತ್ತದೆ ಎಂದು ಹುಡುಕುತ್ತಿತ್ತು. ಅವರಿಗೆ ಸಿಕ್ಕಿದ್ದು ತುಂಡು ತುಂಡಾದ ಜೀನು. ಸುಮಾರು 1,870 ಅಕ್ಷರಗಳ ಸಂದೇಶಕ್ಕೆ ಸುಮಾರು 7,700 ಅಕ್ಷರಗಳ ಜೀನು; ನಡುವೆ ಏಳು ಕಡೆ ಬೇಡದ ಬರಹ. ಸಂದೇಶದಲ್ಲಿ ಉಳಿಯುವ ತುಂಡಿಗೆ ಎಕ್ಸಾನ್, ಕತ್ತರಿಸಿ ಎಸೆಯುವ ತುಂಡಿಗೆ ಇಂಟ್ರಾನ್ ಎಂದು ವಾಲ್ಟರ್ ಗಿಲ್ಬರ್ಟ್ 1978ರಲ್ಲಿ ಹೆಸರಿಟ್ಟ. ಹಾರ್ಮೋನಿನ ಕಥೆಯೂ ಕತ್ತರಿಯ ಕಥೆಯೂ ಹೀಗೆ ಮೊದಲು ಸೇರಿದ್ದು ಒಂದು ಕೋಳಿಮೊಟ್ಟೆಯಲ್ಲಿ. ಅಂದ ಹಾಗೆ, 2004ರಲ್ಲಿ ಜೆನ್ಸನ್ ಜೊತೆ ಲಾಸ್ಕರ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಶಾಂಬೋನ್ ಒಬ್ಬ.

ಕತ್ತರಿ ಹಾಕುವ ಯಂತ್ರ ಆರ್‌ಎನ್‌ಎ ತುಣುಕುಗಳು ಮತ್ತು ಹತ್ತಾರು ಪ್ರೋಟೀನುಗಳು ಕೂಡಿದ ದೊಡ್ಡ ಸಂಕೀರ್ಣ. ಅದರ ಬಿಡಿಭಾಗಗಳನ್ನು ಯೀಸ್ಟ್‌ನಲ್ಲಿ ಗುರುತಿಸಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಷಾ ವಿಜಯರಾಘವನ್ ಒಬ್ಬರು. ಅದೇ ಜೀನಿನ ಎಕ್ಸಾನುಗಳನ್ನು ಬೇರೆ ಬೇರೆ ಅಂಗಾಂಶಗಳಲ್ಲಿ ಬೇರೆ ಬೇರೆ ರೀತಿ ಜೋಡಿಸುವುದೂ ಉಂಟು. ಮನುಷ್ಯನ ಬಹುಪಾಲು ಜೀನುಗಳಲ್ಲಿ, ಶೇಕಡ 90ಕ್ಕೂ ಹೆಚ್ಚಿನವುಗಳಲ್ಲಿ, ಇಂಥ ಪರ್ಯಾಯ ಜೋಡಣೆ ಇದೆಯೆಂದು 2008ರಲ್ಲಿ ತಿಳಿಯಿತು. ಆದ್ದರಿಂದ ‘ಬೇರೆ ಜೋಡಣೆ’ ಎಂದೊಡನೆ ರೋಗ ಎಂದು ಹೌಹಾರಬೇಕಿಲ್ಲ.

ರೋಗವಾಗುವುದು ಯಾವಾಗ? ಒಂದು ವಾಕ್ಯ ನೋಡಿ: ‘ಕಮಲ ಮನೆಗೆ ಬರಲಿ ನಾಳೆಗೆ’. ಪ್ರತಿ ಪದಕ್ಕೂ ಮೂರು ಅಕ್ಷರ. ‘ಮನೆಗೆ’ ಎಂಬ ಇಡೀ ಪದ ಬಿಟ್ಟುಹೋದರೆ ‘ಕಮಲ ಬರಲಿ ನಾಳೆಗೆ’; ಅರ್ಥ ಸ್ವಲ್ಪ ಕುಂದಿತು, ಕೆಡಲಿಲ್ಲ. ‘ನೆ’ ಎಂಬ ಒಂದೇ ಅಕ್ಷರ ಬಿಟ್ಟುಹೋದರೆ? ‘ಕಮಲ ಮಗೆಬ ರಲಿನಾ ಳೆಗೆ’. ಅಲ್ಲಿಂದ ಮುಂದೆ ಎಲ್ಲವೂ ಗೊಂದಲ. ಕಳೆದುಹೋದ ಅಕ್ಷರಗಳ ಸಂಖ್ಯೆ ಮೂರರ ಗುಣಕವೇ ಎಂಬುದರ ಮೇಲೆ ಪ್ರೋಟೀನಿನ ಹಣೆಬರಹ ನಿಂತಿದೆ.

ಈಗ ಕೋಳಿಗೆ ಬರೋಣ. ಒಂದು ತಳಿಯ ಕೋಳಿಗಳ ಮೊಟ್ಟೆಯಲ್ಲಿ ಭ್ರೂಣಗಳು ಕಾವು ಕೂತ ಸುಮಾರು 13ನೆಯ ದಿನ ಸಾಯುತ್ತಿದ್ದವು. ಅಡಿಗರು ಅಧ್ಯಯನ ಮಾಡಿದ ಅದೇ ರಿಬೊಫ್ಲೇವಿನ್ ವಾಹಕ ಈ ಕೋಳಿಗಳಲ್ಲಿ ಇರಲಿಲ್ಲ. ಮೊಟ್ಟೆಯೊಳಕ್ಕೆ ರಿಬೊಫ್ಲೇವಿನ್ ಚುಚ್ಚಿದರೆ ಮರಿ ಬದುಕುತ್ತಿತ್ತು. ಕಾರಣ ಸಿಕ್ಕಿದ್ದು 1993ರಲ್ಲಿ. ಆ ಜೀನಿನ ಒಂದು ಇಂಟ್ರಾನ್ ಆರಂಭವಾಗುವ ಗಡಿಯಲ್ಲಿ ‘ಜಿ’ ಇರಬೇಕಾದ ಕಡೆ ‘ಎ’ ಬಂದಿತ್ತು. ಕತ್ತರಿಗೆ ಗಡಿ ಕಾಣದೆ, ಅದರ ಹಿಂದಿನ ಎಕ್ಸಾನನ್ನೂ ಸೇರಿಸಿ ಎಸೆದುಬಿಟ್ಟಿತು. ಆ ಎಕ್ಸಾನಿನ ಉದ್ದ 100 ಅಕ್ಷರ. ನೂರನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಮುಂದಿನ ಓದೆಲ್ಲ ಅಸ್ತವ್ಯಸ್ತ. ಒಂದು ಅಕ್ಷರದ ತಪ್ಪಿನಿಂದ ಸತ್ತ ಮರಿಯವರೆಗೆ ಸರಪಳಿಯ ಒಂದು ಕೊಂಡಿಯೂ ಇಲ್ಲಿ ತಪ್ಪಿಲ್ಲ. ‘ಕಾರಣ’ ಎಂದು ಧೈರ್ಯವಾಗಿ ಹೇಳಬೇಕಾದರೆ ಇಷ್ಟು ಬೇಕು.

ವೈರಸ್ಸಿನ ಕತ್ತರಿ

ಗರ್ಭಕಂಠದ ಕ್ಯಾನ್ಸರಿನಲ್ಲಿ ಇಂಥ ಸರಪಳಿ ಸಿಕ್ಕಿದೆಯೇ? ಸಿಕ್ಕಿದೆ, ಆದರೆ ಅದರ ಮೊದಲ ಕೊಂಡಿ ಮನುಷ್ಯನ ಜೀನಲ್ಲ. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ತಂಡ 1983ರಲ್ಲಿ ಈ ಗಂತಿಗಳಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ (ಎಚ್‌ಪಿವಿ) 16ನೆಯ ಬಗೆಯನ್ನೂ, 1984ರಲ್ಲಿ 18ನೆಯ ಬಗೆಯನ್ನೂ ಕಂಡುಹಿಡಿಯಿತು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಂತಿಯಿಂದ ತೆಗೆದು ಇಂದಿಗೂ ಲೋಕದ ಪ್ರಯೋಗಾಲಯಗಳಲ್ಲಿ ಬೆಳೆಸುತ್ತಿರುವ ‘ಹೀಲಾ’ ಕೋಶಗಳಲ್ಲೂ 18ನೆಯ ಬಗೆ ಇತ್ತು. ವೆರೋನಾದ ಸನ್ಯಾಸಿನಿಯರ ಒಗಟು ಬಿಡಿಸಿತು: ಇದು ದೇಹಸಂಪರ್ಕದಿಂದ ಹರಡುವ ವೈರಸ್ಸು. ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು.

ವೈರಸ್ಸಿನ ಇ6 ಎಂಬ ಪ್ರೋಟೀನು ನಮ್ಮ ಕೋಶದ ಕಾವಲುಗಾರ ಪಿ53 ಪ್ರೋಟೀನನ್ನು ನಾಶಕ್ಕೆ ತಳ್ಳುತ್ತದೆ. ಇ7 ಇನ್ನೊಬ್ಬ ಕಾವಲುಗಾರ ರೆಟಿನೊಬ್ಲಾಸ್ಟೋಮಾ ಪ್ರೋಟೀನನ್ನು ಕಟ್ಟಿಹಾಕುತ್ತದೆ. 1986ರಲ್ಲಿ ಜರ್ಮನಿಯಲ್ಲೇ ಕಂಡ ವಿಷಯ ನಮಗೆ ಮುಖ್ಯ. ಇ6ರ ಸಂದೇಶದೊಳಗೇ ಒಂದು ಇಂಟ್ರಾನ್ ಇದೆ. ವೈರಸ್ಸಿಗೆ ಸ್ವಂತ ಕತ್ತರಿ ಇಲ್ಲ. ಅದು ನಮ್ಮ ಕೋಶದ ಕತ್ತರಿಯನ್ನೇ ಬಳಸಿ ಒಮ್ಮೆ ಪೂರ್ಣ ಇ6, ಒಮ್ಮೆ ಮೊಟಕಾದ ಇ6 ತಯಾರಿಸಿಕೊಳ್ಳುತ್ತದೆ. ಈ ಇಂಟ್ರಾನ್ 16, 18ರಂಥ ಅಪಾಯದ ಬಗೆಗಳ ಲಕ್ಷಣ. ನರುಲಿ ಮಾತ್ರ ತರುವ 6, 11ನೆಯ ಬಗೆಗಳಲ್ಲಿ ಅದಿಲ್ಲ.

ಹಾರ್ಮೋನಿನ ಪಾತ್ರವೂ ಇಲ್ಲಿದೆ. 16ನೆಯ ಬಗೆಯ ನಿಯಂತ್ರಕ ಭಾಗದಲ್ಲಿ ಸ್ಟಿರಾಯ್ಡ್ ಹಾರ್ಮೋನಿನ ಗ್ರಾಹಿ ಬಂದು ಕೂರುವ ತಾಣ ಇರುವುದು 1987ರಲ್ಲಿ ತಿಳಿಯಿತು. ಚರ್ಮಕೋಶಗಳಲ್ಲಿ ಈ ವೈರಸ್ಸಿನ ಜೀನುಗಳು ಕೆಲಸ ಮಾಡುವಂತೆ ರೂಪಿಸಿದ ಹೆಣ್ಣಿಲಿಗಳಿಗೆ 1996ರಲ್ಲಿ ಜೆಫ್ರಿ ಆರ್ಬಿಟ್ ತಂಡ ತಿಂಗಳುಗಟ್ಟಲೆ ಈಸ್ಟ್ರೊಜೆನ್ ಕೊಟ್ಟಾಗ ಯೋನಿ ಮತ್ತು ಗರ್ಭಕಂಠದಲ್ಲಿ ಕ್ಯಾನ್ಸರ್ ಬಂತು. ಈಸ್ಟ್ರೊಜೆನ್ ಗ್ರಾಹಿಯ ಜೀನನ್ನೇ ಇಲ್ಲವಾಗಿಸಿದ ಇಂಥ ಇಲಿಗಳಲ್ಲಿ ಕ್ಯಾನ್ಸರ್ ಬರಲಿಲ್ಲ ಎಂದು ಪಾಲ್ ಲ್ಯಾಂಬರ್ಟ್ ತಂಡ 2008ರಲ್ಲಿ ತೋರಿಸಿತು. ಹಾರ್ಮೋನು ಮತ್ತು ಅದನ್ನು ಹಿಡಿಯುವ ಪ್ರೋಟೀನು ಎರಡೂ ಬೇಕು ಎಂದಾಯಿತು. ಮಹಿಳೆಯರಲ್ಲೂ ಇದಕ್ಕೆ ಹೊಂದುವ ಸುಳಿವುಗಳಿವೆ. ಗರ್ಭನಿರೋಧಕ ಮಾತ್ರೆಗಳನ್ನು ದೀರ್ಘಕಾಲ ನುಂಗಿದವರಲ್ಲಿ ಅಪಾಯ ಸ್ವಲ್ಪ ಏರಿ, ಬಿಟ್ಟು ಹತ್ತು ವರ್ಷದೊಳಗೆ ಇಳಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಕ್ರೋಡೀಕರಿಸಿದ 2007ರ ವರದಿ ಹೇಳಿತು.

ಇನ್ನು ವಿದ್ಯಾರ್ಥಿನಿ ತಂದ ಲೇಖನದ ವಿಷಯ. ಬಂಧಕ ಗ್ಲಾಬ್ಯುಲಿನ್ನಿನ ಜೀನಿನಲ್ಲಿ ಎಂಟು ಎಕ್ಸಾನುಗಳು. ಯಕೃತ್ತು ಮತ್ತು ವೃಷಣಗಳಲ್ಲಿ ಅದರ ಎರಡು ಬಗೆಯ ಸಂದೇಶಗಳಿವೆ, ಒಂದರಲ್ಲಿ ಏಳನೆಯ ಎಕ್ಸಾನ್ ಇರುವುದಿಲ್ಲ ಎಂದು ಸ್ವೀಡನ್ನಿನ ಸಂಶೋಧಕರು 1989ರಲ್ಲಿ ತೋರಿಸಿದ್ದರು. ಅಂದರೆ ಆರೋಗ್ಯವಂತ ಅಂಗಾಂಶದಲ್ಲೂ ಈ ಕತ್ತರಿ ಪ್ರಯೋಗ ಇದೆ. ಜಪಾನಿನ ಗಿಫು ವಿಶ್ವವಿದ್ಯಾಲಯದ ಸ್ತ್ರೀರೋಗ ವಿಭಾಗದ ಮಿಸಾವೊ, ಫುಜಿಮೊಟೊ, ತಾಮಾಯ ಮೊದಲಾದವರು 1990ರ ದಶಕದ ಕೊನೆಗೆ ಗರ್ಭಾಶಯದ ಕ್ಯಾನ್ಸರ್ ಅಂಗಾಂಶಗಳಲ್ಲಿ ಇದೇ ಏಳನೆಯ ಎಕ್ಸಾನ್ ಬಿಟ್ಟ ಸಂದೇಶವನ್ನು ಅಳೆದರು. ಅಳೆದದ್ದು ಸಂದೇಶವನ್ನು, ಎಂಬುದಕ್ಕೆ ಅಡಿಗೆರೆ ಹಾಕಿ. ಸಂದೇಶವಿದ್ದ ಮಾತ್ರಕ್ಕೆ ಅಷ್ಟೇ ಪ್ರೋಟೀನು ಇರಬೇಕಿಲ್ಲ. ಪ್ರೋಟೀನು ಇದ್ದರೂ ಅದು ಹಾರ್ಮೋನು ಹಿಡಿಯಬೇಕಿಲ್ಲ. ಹಾರ್ಮೋನು ಕೂರುವ ಗೂಡು ಇರುವುದು ಪ್ರೋಟೀನಿನ ಮೊದಲರ್ಧದಲ್ಲಿ. ಏಳನೆಯ ಎಕ್ಸಾನ್ ಬರೆಯುವುದು ಎರಡನೆಯ ಅರ್ಧದ ಭಾಗವನ್ನು. ಸ್ತನ ಕ್ಯಾನ್ಸರಿನಲ್ಲಿ ಪರಿಸ್ಥಿತಿ ಇದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. 1991ರಲ್ಲಿ ಸುಜೇನ್ ಫುಕ್ವಾ ತಂಡ ಈಸ್ಟ್ರೊಜೆನ್ ಗ್ರಾಹಿಯ ಐದನೆಯ ಎಕ್ಸಾನ್ ಇಲ್ಲದ ರೂಪವನ್ನು ಕಂಡು, ಅದು ಹಾರ್ಮೋನು ಇಲ್ಲದೆಯೂ ಜೀನುಗಳನ್ನು ಎಬ್ಬಿಸಬಲ್ಲದೆಂದು ಯೀಸ್ಟ್‌ನಲ್ಲಿ ಪರೀಕ್ಷಿಸಿ ತೋರಿಸಿತ್ತು.

ಇಲ್ಲೊಂದು ಕಾಕತಾಳೀಯವನ್ನು ಹೇಳದಿರಲಾರೆ. ಬಂಧಕ ಗ್ಲಾಬ್ಯುಲಿನ್ನಿನ ಜೀನು 17ನೆಯ ವರ್ಣತಂತುವಿನಲ್ಲಿ ಪಿ53ರ ಜೀನಿಗೆ ನೆರೆಮನೆ! ಕ್ಯಾನ್ಸರಿನಲ್ಲಿ ಆ ಭಾಗ ಅಸ್ತವ್ಯಸ್ತವಾದಾಗ ನೆರೆಯವನಿಗೂ ಏಟು ಬಿದ್ದೀತು. ಕತ್ತರಿಯ ಯಂತ್ರವೇ ಹದ ತಪ್ಪಿದ ಕೋಶದಲ್ಲಿ ನೂರಾರು ಸಂದೇಶಗಳು ಒಮ್ಮೆಲೇ ಬೇರೆ ರೀತಿ ಜೋಡಣೆಯಾಗುತ್ತವೆ. ಮನೆಗೆ ಬೆಂಕಿ ಬಿದ್ದಾಗ ಗಡಿಯಾರ ನಿಂತುಹೋಗಿರುತ್ತದೆ; ಬೆಂಕಿ ಯಾವಾಗ ಬಿತ್ತೆಂದು ಅದು ಹೇಳಬಹುದು, ಹಚ್ಚಿದ್ದು ಅದಲ್ಲ. ಹೀಗಾಗಿ ನಾನು ವಿದ್ಯಾರ್ಥಿನಿಗೆ ಹೇಳಿದ್ದು: ಕೋಳಿಯಲ್ಲಿ ತಪ್ಪಿದ ಕತ್ತರಿ ಕಾರಣ, ಗರ್ಭಕಂಠದ ಗಂತಿಯಲ್ಲಿ ಬಂಧಕ ಗ್ಲಾಬ್ಯುಲಿನ್ನಿನ ಮಟ್ಟಿಗೆ ಅದು ಗುರುತು. ಎರಡಕ್ಕೂ ‘ಬದಲಾದ ಸ್ಪ್ಲೈಸಿಂಗ್’ ಎಂಬ ಒಂದೇ ಶೀರ್ಷಿಕೆ ಹಾಕುವುದರಿಂದಲೇ ಗೊಂದಲ. “ಹಾಗಾದರೆ ಇದನ್ನು ಓದಿ ಏನು ಲಾಭ ಸರ್?” ಎಂದಳು. ಗುರುತಿಗೂ ಬೆಲೆ ಇದೆ. ವೈರಸ್ಸಿನ ಇ6, ಇ7 ಸಂದೇಶಗಳನ್ನು ಪತ್ತೆಹಚ್ಚುವ ಪರೀಕ್ಷೆಗಳು ಈಗ ಬಳಕೆಯಲ್ಲೇ ಇವೆ.

ವಿನೆಗರ್ ಮತ್ತು ಟಾರ್ಚು

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ ಸ್ಥಾಪನೆಯಾದದ್ದು 1973ರಲ್ಲಿ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂಗವಾಗಿ ಅಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕ ಆರಂಭವಾದಾಗ ಹೆಂಗಸರಲ್ಲಿ ಮೊದಲ ಸ್ಥಾನ ಗರ್ಭಕಂಠದ್ದೇ ಆಗಿತ್ತು. ಈಗ ಆ ಸ್ಥಾನ ಸ್ತನದ್ದು. ನಗರದ ಪಟ್ಟಿಯಲ್ಲಿ ಇಳಿದರೂ ರೋಗ ಹೋಗಿಲ್ಲ: 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1,27,000 ಹೊಸ ಪ್ರಕರಣಗಳು, ಸುಮಾರು 80,000 ಸಾವುಗಳು.

ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳ ಗಡಿಗೆ ತಾಗಿದ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 30ರಿಂದ 59 ವಯಸ್ಸಿನ 1,31,746 ಹಳ್ಳಿ ಹೆಂಗಸರನ್ನು ಗುಂಪುಗಳಾಗಿ ವಿಂಗಡಿಸಿ ಎಂಟು ವರ್ಷ ಗಮನಿಸಿದರು. ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಈ ರೋಗದ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ವೈರಸ್ಸಿನ ಲಸಿಕೆ 2006ರಲ್ಲಿ ಬಂತು. ಪುಣೆಯಲ್ಲಿ ತಯಾರಾದ ದೇಶೀಯ ಲಸಿಕೆ 2023ರಲ್ಲಿ ಮಾರುಕಟ್ಟೆಗೆ ಬಂತು.

ಎಚ್‌ಪಿವಿ ಪರೀಕ್ಷೆ ಸಿಗದ ಕಡೆಗೆ ಇನ್ನೂ ಸರಳವಾದುದೊಂದಿದೆ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಂತೆ 30ರಿಂದ 65 ವಯಸ್ಸಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕಾದುದು. ಶೇಕಡ 3ರಿಂದ 5ರ ಅಸಿಟಿಕ್ ಆಮ್ಲ, ಅಂದರೆ ಹೆಚ್ಚುಕಡಿಮೆ ಅಡುಗೆಯ ವಿನೆಗರ್ರೇ, ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಒತ್ತಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕೋಶಗಳಲ್ಲಿ ನ್ಯೂಕ್ಲಿಯಸ್ ದೊಡ್ಡದು, ಪ್ರೋಟೀನು ಹೆಚ್ಚು. ಆಮ್ಲದಿಂದ ಅದು ಹೆಪ್ಪುಗಟ್ಟಿದಾಗ ಬಿದ್ದ ಬೆಳಕು ಅಲ್ಲೇ ಚದುರಿ, ಕೆಳಗಿನ ರಕ್ತನಾಳಗಳ ಕೆಂಪು ಕಾಣದೆ ಬಿಳಿಯ ಮಚ್ಚೆ ಮೂಡುತ್ತದೆ. ಮೊಟ್ಟೆ ಬೆಂದಾಗ ಲೋಳೆ ಬೆಳ್ಳಗಾಗುವುದೂ ಇದೇ ಭೌತವಿಜ್ಞಾನ. ನೋಡಲು ಬೇಕಾದುದು ಒಳ್ಳೆಯ ಟಾರ್ಚು ಮತ್ತು ತರಬೇತಾದ ಕಣ್ಣು.

ಹಿಂದಿನ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದಾಗ ನಮ್ಮ ಶಾಲೆಯ ಕೊಠಡಿಯಲ್ಲಿ ಆರೋಗ್ಯ ಸಹಾಯಕಿಯರು ಈ ಪರೀಕ್ಷೆ ನಡೆಸುತ್ತಿದ್ದರು. ಅತ್ತಿಗೆ ಹೋಗಿಬಂದು, “ಇಷ್ಟೇನಾ? ಕಾಫಿ ಕಾಸೋ ಹೊತ್ತೂ ಹಿಡೀಲಿಲ್ಲ” ಎಂದರು. ಎಸ್ಟೇಟು ಲೈನಿನಿಂದ ಬಂದವರು ನಾಲ್ಕೈದು ಜನ. ಉಳಿದವರು ಹಣ್ಣು ಕುಯ್ಲು ಮುಗಿದ ಮೇಲೆ ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಸಹಾಯಕಿಯರು ಅವರ ಹೆಸರುಗಳನ್ನು ಬರೆದುಕೊಂಡು, ಮಾರ್ಚಿನಲ್ಲಿ ಮತ್ತೆ ಬರುವುದಾಗಿ ಮೇಸ್ತ್ರಿಗೆ ತಿಳಿಸಿದರು.